ಮಗಳು ಹಿಡಿದ ವೀಳ್ಯ

ರಂಗಶಾಲೆಯ ಹಾಸ್ಟೆಲ್,
ಚಿತ್ರದುರ್ಗ ಜಿಲ್ಲೆ
3 ಸೆಪ್ಟೆಂಬರ್ 2023

ಸುಧಾ,

ಬಂದು ಮೂರು ವಾರ ಆಯಿತು. ಪೆನ್ನು ಹಿಡಿಯುವಷ್ಟು ತ್ರಾಣ ಇವತ್ತು ಬಂದಿದೆ. ಫೋನುಗಳನ್ನೆಲ್ಲ ಆಫೀಸಿನ ಬೀರುವಿಗೆ ಹಾಕಿ ಬೀಗ ಜಡಿದಿದ್ದಾರೆ, ಭಾನುವಾರ ಅರ್ಧ ಗಂಟೆ ಮಾತ್ರ ಕೊಡುತ್ತಾರೆ. ಆ ಅರ್ಧ ಗಂಟೆಯೂ ನಿಮ್ಮಜ್ಜಿ ನಿನ್ನ ಪಕ್ಕದಲ್ಲೇ ಕೂತು “ಏನಂತೆ, ಏನಂತೆ” ಅನ್ನುತ್ತಿರುತ್ತಾರೆ. ನಾನು ಚೆನ್ನಾಗಿದ್ದೀನಿ ಅನ್ನುತ್ತೇನೆ, ನೀನು ಊಟ ಆಯ್ತಾ ಅನ್ನುತ್ತೀಯ, ಅಲ್ಲಿಗೆ ಮುಗಿಯಿತು. ಅದಕ್ಕೇ ಈ ಕಾಗದ.

ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಕಣ್ಣಿಗೆ ತುಪ್ಪ ಬಿಟ್ಟು ಗುಡ್ಡೆ ಸುತ್ತಿಸುತ್ತಾರೆ. ಆಮೇಲೆ ಅರೆಮಂಡಿಯಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕು. ಆಮೇಲೆ ಸಂಸ್ಕೃತ ಶ್ಲೋಕ. ನನ್ನ ಬಾಯಲ್ಲಿ ಹಕಾರ ಹೊರಡುವುದಿಲ್ಲ ಅಂತ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ತಿದ್ದುತ್ತಾಳೆ. ನನಗೆ ನಲವತ್ತಮೂರು. ಕ್ಲಾಸಿನ ಮಕ್ಕಳೆಲ್ಲ “ಆಂಟಿ” ಅನ್ನುತ್ತವೆ.

ಮೊದಲ ದಿನ ಯಶೋದಮ್ಮ ಮೇಡಂ (ಅಭಿನಯ ಕಲಿಸುವವರು, ಎಪ್ಪತ್ತರ ಹತ್ತಿರ) ನಿಮ್ಮ ಅನುಭವ ಏನಮ್ಮಾ ಅಂತ ಕೇಳಿದರು. ಹೇಳಿದೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಊರ ಗಂಡಸರೇ ಸೇರಿ ಪೌರಾಣಿಕ ನಾಟಕ ಆಡುತ್ತಾರೆ, ಮೂರು ತಿಂಗಳು ಪ್ರಾಕ್ಟೀಸು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ನನ್ನಂಥವಳನ್ನು ಹೊರಗಿಂದ ಕರೆಸುತ್ತಾರೆ. ಪ್ರಾಕ್ಟೀಸಿಲ್ಲದೆ ಆವತ್ತೇ ಹೋಗಿ, ಬಣ್ಣ ಹಚ್ಚಿ, ಯಾವ ರಾಣಿ ಅಂದರೆ ಆ ರಾಣಿಯಾಗಿ ಹಾಡಿ ಬರುತ್ತೇನೆ, ಇಪ್ಪತ್ತೆರಡು ವರ್ಷದಿಂದ ಅಂತ. ಮೇಡಂ ತಲೆದೂಗಿದರು. ಮಾರನೇ ದಿನ ಕ್ಲಾಸಿನಲ್ಲಿ, “ಸುನಂದಮ್ಮ, ಏನೇ ಮಾಡಿದರೂ ಕಡೆಗೆ ಮುಂದೆ ಬಂದು ಆ ಒಂದೇ ಜಾಗದಲ್ಲಿ ನಿಲ್ಲುತ್ತೀರಲ್ಲ, ಯಾಕೆ?” ಅಂದರು. “ಅಲ್ಲಿ ಮೈಕು ನೇತಾಡ್ತಿರ್ತದೆ ಮೇಡಂ” ಅಂದೆ. ಎಲ್ಲ ನಕ್ಕವು. ಮೇಡಂ ನಗಲಿಲ್ಲ. ಕಲಿತದ್ದನ್ನು ಬಿಡಿಸುವುದಕ್ಕೆ ಒಂದು ವರ್ಷ ಬೇಕು ಅಂದರು.

ಹಾಸ್ಟೆಲ್ಲಿನ ಹುಡುಗಿಯರು ತಾಳಿ ನೋಡಿ ಯಜಮಾನರು ಎಲ್ಲಿ ಅಂತ ಕೇಳಿದರು. ಕೇರಳದಲ್ಲಿ ಶುಂಠಿ ಕೆಲಸಕ್ಕೆ ಹೋಗಿದ್ದಾರೆ ಅಂದೆ. ಹೋದವರ ಸುದ್ದಿಯೇ ಇಲ್ಲ, ಹನ್ನೊಂದು ವರ್ಷದಿಂದ ಅದೇ ಮಾತು ಹೇಳಿ ಹೇಳಿ ನಾಲಿಗೆ ಸವೆದಿದೆ.

ಎರಡು ವರ್ಷ ಕಣೇ. ಈ ಸರ್ಟಿಫಿಕೇಟ್ ಬಂದರೆ ವಸತಿ ಶಾಲೆಯಲ್ಲಿ ನಾಟಕದ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬಹುದು. ಸೀಜನ್ ಬಂತೆಂದರೆ ಊರೂರು ಅಲೆಯುವುದು ತಪ್ಪುತ್ತದೆ.

ಅಜ್ಜಿಯ ಬಿ.ಪಿ. ಮಾತ್ರೆ ನೆನಪಿರಲಿ.

ನಿನ್ನ ಅವ್ವ,
ಸುನಂದ


ಹುಣಸೂರು
21 ಸೆಪ್ಟೆಂಬರ್ 2023

ಅವ್ವ,

ಕಾಗದ ಬಂತು. ಅಜ್ಜಿಗೆ ಓದಿ ಹೇಳಿದೆ, ನಾಲಿಗೆ ಸವೆದದ್ದನ್ನು ಬಿಟ್ಟು. ತನ್ನ ಮಗನೇ ಆದರೂ ಅಪ್ಪನ ಮಾತು ಎತ್ತಿದರೆ ಅಜ್ಜಿ ಎದ್ದು ಒಳಗೆ ಹೋಗುತ್ತಾಳೆ, ನಿನಗೆ ಗೊತ್ತಲ್ಲ. ಕಣ್ಣಿಗೆ ತುಪ್ಪ ಬಿಡುತ್ತಾರೆ ಅಂದದ್ದಕ್ಕೆ, “ಅನ್ನಕ್ಕಾಕೋ ತುಪ್ಪವ ಕಣ್ಣಿಗಾಕ್ತಾರಾ? ಮಗಳ್ನ ಮದ್ವೆ ಮಾಡೋ ವಯ್ಸಲ್ಲಿ ಇವ್ಳು ಇಸ್ಕೂಲಿಗೋದ್ಲು” ಅಂದಳು. ದಿನಕ್ಕೊಂದು ಸಲ ಇದನ್ನು ಅನ್ನದಿದ್ದರೆ ಉಂಡದ್ದು ಅರಗುವುದಿಲ್ಲ.

ನಾನು ಎಂಟಕ್ಕೆ ಜೆರಾಕ್ಸ್ ಅಂಗಡಿಗೆ ಹೋಗಿ ಏಳಕ್ಕೆ ಬರುತ್ತೇನೆ. ಬಂದು ಅಡಿಗೆ ಮಾಡಿ, ಅಜ್ಜಿಯ ಕಾಲು ನೀವಿ, ಬಿ.ಕಾಂ. ಪುಸ್ತಕ ತೆಗೆದರೆ ಒಂದು ಪುಟಕ್ಕೇ ಕಣ್ಣು ಮುಚ್ಚುತ್ತದೆ. ದೂರು ಹೇಳುತ್ತಿಲ್ಲ, ನೀನೂ ಹೇಳಿದೆಯಲ್ಲ ಅಂತ ಹೇಳಿದೆ.

ಮನೆ ತುಂಬಾ ಸದ್ದಿಲ್ಲದೆ ಇದೆ ಅವ್ವ. ನೀನು ಪಾತ್ರೆ ತೊಳೆಯುವಾಗ ಹಾಡುತ್ತಿದ್ದದ್ದಕ್ಕೆ ಬೈಯುತ್ತಿದ್ದೆ. ಈಗ ಟಿ.ವಿ. ಹಾಕಿಕೊಂಡು ತೊಳೆಯುತ್ತೇನೆ.

ಸುಧಾ


ರಂಗಶಾಲೆ
26 ನವೆಂಬರ್ 2023

ಸುಧಾ,

ದೀಪಾವಳಿಗೆ ಬರುತ್ತೇನೆ ಅಂದಿದ್ದೆ, ರಜೆ ಕೊಡಲಿಲ್ಲ. ಸಿಟ್ಟು ಮಾಡಿಕೊಂಡು ಫೋನಿನಲ್ಲಿ ಬರೀ “ಹೂಂ” ಅಂದೆಯಲ್ಲ, ಕೇಳಿಸಿತು.

ವರ್ಷದ ಕೊನೆಗೆ ಆಡುವ ಹಳೇ ಸಂಸ್ಕೃತ ನಾಟಕಕ್ಕೆ ಪಾತ್ರ ಹಂಚಿದರು. ರಾಣಿ ಯಾರು ಗೊತ್ತಾ? ನನ್ನ ಹಕಾರ ತಿದ್ದುವ ಹುಡುಗಿ. ನನಗೆ ಕಂಚುಕಿ, ಅಂದರೆ ಅರಮನೆಯ ಒಳಗೆ ಸುದ್ದಿ ಮುಟ್ಟಿಸುವ ಮುದುಕ. ಕೋಲೂರಿಕೊಂಡು ಬಂದು, “ಅಯ್ಯೋ ವಯಸ್ಸಾಯಿತು, ಕಾಲು ನಡುಗುತ್ತದೆ, ಆದರೂ ರಾಜಸೇವೆ ತಪ್ಪಲಿಲ್ಲ” ಅಂತ ಅನ್ನುವುದೇ ಅವನ ಕೆಲಸ. ಬೇಜಾರಾಯಿತು. ಆಮೇಲೆ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವಾಗ ನಗು ಬಂತು. ಈ ಪಾತ್ರಕ್ಕೆ ನಡಿಗೆಯನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಹೋದ ವಾರ ಒಬ್ಬ ಹುಡುಗನ ಹೆಸರು ತೆಗೆದರು. ರಜೆಯಲ್ಲಿ ಊರಿಗೆ ಹೋದವನು ಧಾರಾವಾಹಿಯೊಂದರಲ್ಲಿ ಎರಡು ದಿನ ಮುಖ ತೋರಿಸಿದ್ದನಂತೆ. ಕೋರ್ಸು ಮುಗಿಯುವ ತನಕ ಹೊರಗೆ ಎಲ್ಲೂ ಬಣ್ಣ ಹಚ್ಚುವಂತಿಲ್ಲ, ಹಚ್ಚಿದರೆ ಸೀಟು ಹೋಗುತ್ತದೆ. ಸೇರುವಾಗಲೇ ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದಾರೆ. ಹುಡುಗ ಟ್ರಂಕು ಹೊತ್ತುಕೊಂಡು ಗೇಟು ದಾಟಿದ್ದನ್ನು ನೋಡಿದೆ.

ಸಾಕಾಗಿದೆ ಸುಧಾ. ಆದರೂ ನಿನ್ನೆ ಒಂದು ಸಲ ಮೇಡಂ “ಈಗ ನಿಂತಿರಿ ನೋಡಿ” ಅಂದರು. ಎಲ್ಲಿ ನಿಂತೆ, ಹೇಗೆ ನಿಂತೆ, ನನಗೇ ಗೊತ್ತಾಗಲಿಲ್ಲ.

ಅವ್ವ


ಹುಣಸೂರು
22 ಜನವರಿ 2024

ಅವ್ವ,

ಈ ಕಾಗದ ನಾಲ್ಕು ಸಲ ಬರೆದು ಹರಿದೆ. ಮೊದಲೇ ಹೇಳಿಬಿಡುತ್ತೇನೆ. ನಿನ್ನ ಹೆಸರಿನ ವೀಳ್ಯ ಹಿಡಿದುಬಿಟ್ಟೆ.

ಶನಿವಾರ ಮಧ್ಯಾಹ್ನ ಶಿವನಂಜಪ್ಪ ಮೇಷ್ಟ್ರು ಬಂದರು. ಶಿವರಾತ್ರಿಗೆ ರಾವಂದೂರಿನಲ್ಲಿ ನಾಟಕ ಕಲಿಸುತ್ತಿದ್ದಾರಂತೆ. ಎಪ್ಪತ್ತೆಂಟು ಆಯಿತು, ಹಾರ್ಮೋನಿಯಂ ಮೇಲೆ ಬೆರಳು ಮಾತು ಕೇಳುತ್ತಿಲ್ಲ, ಇದೇ ಕಡೆಯದು ಅಂದರು. “ನಿಮ್ಮವ್ವನ್ಗೆ ಮೊದ್ಲು ಬಣ್ಣ ಹಚ್ಚಿಸ್ದೋನು ನಾನು. ಕಡೇ ನಾಟ್ಕದಲ್ಲೂ ಅವ್ಳೇ ರಾಣಿ ಆಗ್ಬೇಕು ಕಣವ್ವ.” ನೀನು ಶಾಲೆಯಲ್ಲಿದ್ದೀಯ, ಹೊರಗೆ ಆಡುವಂತಿಲ್ಲ ಅಂದೆ. “ಒಂದಿನದ ಮಾತು. ಚಿತ್ರದುರ್ಗದೋರು ಬಂದು ನೋಡ್ತಾರಾ? ಬಂದೋಯ್ತಾಳೆ ಬುಡು” ಅಂದರು. ಅಜ್ಜಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮೇಷ್ಟ್ರು ಚೀಲದಿಂದ ತಟ್ಟೆ ತೆಗೆದು, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು, ಮೇಲೊಂದು ರೂಪಾಯಿ ಇಟ್ಟು ನನ್ನ ಮುಂದೆ ಹಿಡಿದರು.

ಮನೆಯವರು ಯಾರು ಹಿಡಿದರೂ ನೀನು ಹಿಡಿದಂತೆಯೇ ಅಂತ ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ನೋಡಿದ್ದೇನೆ, ವೀಳ್ಯ ಹಿಡಿದ ಮೇಲೆ ಬಣ್ಣ ಹಚ್ಚಲೇಬೇಕು. ಗೊತ್ತಿದ್ದೂ ಎರಡು ಕೈಯೂ ಮುಂದೆ ಹೋದವು. ಮೇಷ್ಟ್ರ ಮೇಲಿನ ಮರ್ಯಾದೆಗೆ ಅಂತ ನಿನಗೆ ಸುಳ್ಳು ಬರೆಯಬಹುದಿತ್ತು. ನಿಜ ಹೇಳಿದರೆ, ನೀನು ಒಂದು ದಿನಕ್ಕಾದರೂ ಮನೆಗೆ ಬರುತ್ತೀಯ ಅಂತ ಆಸೆಯಾಯಿತು.

ಇವತ್ತು ಪೋಸ್ಟರ್ ಮಾಡಿಸಲು ನಮ್ಮ ಅಂಗಡಿಗೇ ಬಂದಿದ್ದರು. “ರಂಗಕೋಗಿಲೆ ಹುಣಸೂರು ಸುನಂದಮ್ಮ” ಅಂತ ನಾನೇ ಟೈಪ್ ಮಾಡಿದೆ. ಆಗ ಭಯವಾಯಿತು. ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ.

ಸುಧಾ


ರಂಗಶಾಲೆ
29 ಜನವರಿ 2024

ಸುಧಾ,

ನಿನಗೆ ಬುದ್ಧಿ ನೆಟ್ಟಗಿದೆಯಾ? ಯಾರನ್ನು ಕೇಳಿ ಕೈ ಒಡ್ಡಿದೆ?

ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ವೀಳ್ಯ ತಪ್ಪಿಸಿದವಳಲ್ಲ ನಾನು. ಮೈ ಸುಡುವ ಜ್ವರದಲ್ಲಿ ಹೋಗಿ ಹಾಡಿದ್ದೇನೆ. ನೀನು ಹೊಟ್ಟೆಯಲ್ಲಿದ್ದಾಗ ಆರು ತಿಂಗಳ ತನಕ ಸೆರಗು ಸುತ್ತಿಕೊಂಡು ಆಡಿದ್ದೇನೆ. “ಸುನಂದ ವೀಳ್ಯ ಹಿಡಿದಳು ಅಂದರೆ ಬಂದಳು ಅಂತಲೇ ಅರ್ಥ” ಅನ್ನುವ ಮಾತು ಬಿಟ್ಟರೆ ನಾನು ಸಂಪಾದಿಸಿದ್ದು ಏನೂ ಇಲ್ಲ. ಅದನ್ನೂ ಈ ಸೀಟನ್ನೂ ಎದುರುಬದುರು ನಿಲ್ಲಿಸಿಬಿಟ್ಟೆಯಲ್ಲೇ! ಬಂದರೆ ಓದು ಹೋಯಿತು. ಬರದಿದ್ದರೆ ಮಾತು ಹೋಯಿತು.

ಆಸೆಯಾಯಿತಂತೆ! ನನಗೆ ಆಸೆ ಇಲ್ಲವಾ? ಇಲ್ಲಿ ಬಟ್ಟೆ ಒಣಗಿಸುವ ತಂತಿಯ ಹತ್ತಿರ ನಿಂತರೆ ಹೆದ್ದಾರಿ ಕಾಣುತ್ತದೆ. ಮೈಸೂರಿನ ಬೋರ್ಡಿನ ಬಸ್ಸು ಬಂದರೆ ಅದು ಮರೆಯಾಗುವ ತನಕ ಬಟ್ಟೆ ಹಿಂಡುವುದು ನಿಲ್ಲಿಸುತ್ತೇನೆ.

ತಟ್ಟೆ ತೆಗೆದುಕೊಂಡು ಹೋಗಿ ಮೇಷ್ಟ್ರ ಕಾಲಿಗೆ ಬಿದ್ದು ವಾಪಸು ಕೊಟ್ಟು ಬಾ.

ಅವ್ವ


ಹುಣಸೂರು
8 ಫೆಬ್ರವರಿ 2024

ಅವ್ವ,

ಬೈದದ್ದು ಸರಿಯಾಗಿದೆ. ಭಾನುವಾರ ರಾವಂದೂರಿಗೆ ಹೋಗಿದ್ದೆ. ಹೊಸ ಎಲೆ ಕೊಂಡು, ಅದೇ ತಟ್ಟೆಯಲ್ಲಿ ಅದೇ ಕಾಯಿ ಇಟ್ಟುಕೊಂಡು ಮೇಷ್ಟ್ರ ಮುಂದೆ ನಿಂತೆ. ಕಾಲಿಗೂ ಬಿದ್ದೆ. ಮೇಷ್ಟ್ರು ತಲೆ ಮುಟ್ಟಿ ಎಬ್ಬಿಸಿದರು, ತಟ್ಟೆ ಮಾತ್ರ ಮುಟ್ಟಲಿಲ್ಲ. “ಕೊಟ್ಟ ವೀಳ್ಯ ಈಸ್ಕೊಳ್ಳೋ ಪದ್ಧತಿ ನಮ್ಮಲ್ಲಿಲ್ಲ ಕಣವ್ವ. ಮನೇಲಿ ಸಾವಾಗಿ ಸೂತ್ಕ ಬಂದ್ರೆ ಮಾತ್ರ. ನಿಮ್ಮನೇಲಿ ಅಂಗೇನೂ ಇಲ್ವಲ್ಲ, ದೇವ್ರು ದೊಡ್ಡೋನು” ಅಂದರು. ಕೆಟ್ಟವರಲ್ಲ ಅವ್ವ. ಕಾಫಿ ಕೊಡಿಸಿ ಬಸ್ ಸ್ಟ್ಯಾಂಡಿನ ತನಕ ಬಂದರು.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಇಷ್ಟು ದಿನ ಮುಚ್ಚಿಟ್ಟಿದ್ದೆ. ಬೈಯುತ್ತಾಳೆ ಅಂದುಕೊಂಡರೆ, ಎಲೆಯಡಿಕೆ ಜಗಿಯುತ್ತಾ, “ಅಂಗಾರೆ ನಾನು ಸತ್ರೆ ಸರಿಯೋಯ್ತದೆ. ಶಿವ್ರಾತ್ರಿಗೆ ಇನ್ನೂ ತಿಂಗ್ಳದೆ, ಪ್ರಯತ್ನ ಮಾಡ್ತೀನಿ ಬುಡು” ಅಂದಳು. ನಗುತ್ತಾ ನಗುತ್ತಾ ನನಗೆ ಅಳು ಬಂತು.

ಆಮೇಲೆ, ಮಲಗುವ ಹೊತ್ತಿಗೆ, ಅವಳೇ ಕೇಳಿದಳು: “ಈ ಓದು ಮುಗುದ್ರೆ ನಿಮ್ಮವ್ವ ಇನ್ಯಾವತ್ತೂ ಊರೂರು ತಿರುಗ್ಬೇಕಿಲ್ವಾ? ದಿಟವಾ?” ಹೌದಜ್ಜಿ, ಕೆಲಸ ಸಿಕ್ಕಿದರೆ ಬೇಕಿಲ್ಲ ಅಂದೆ. ಇನ್ನೊಂದು ಸಲ ಕೇಳಿದಳು. ಅದನ್ನೇ ಹೇಳಿದೆ.

ಸುಧಾ


ರಂಗಶಾಲೆ
14 ಫೆಬ್ರವರಿ 2024

ಸುಧಾ,

ಯಶೋದಮ್ಮ ಮೇಡಂ ಹತ್ತಿರ ಹೋಗಿ ಮುಚ್ಚುಮರೆಯಿಲ್ಲದೆ ಹೇಳಿದೆ. “ಒಬ್ಬನನ್ನು ಕಳಿಸಿ ಮೂರು ತಿಂಗಳಾಗಿಲ್ಲ. ನಿಮಗೊಂದು ನ್ಯಾಯ ಅವನಿಗೊಂದು ನ್ಯಾಯ ಮಾಡಲಾರೆ ಸುನಂದಮ್ಮ” ಅಂದರು. ನಾನಾಗಿದ್ದರೂ ಅದನ್ನೇ ಅನ್ನುತ್ತಿದ್ದೆ.

ಕದ್ದು ಬಂದು ಕದ್ದು ಹೋಗುವವಳು ನಾನಲ್ಲ. ಯೋಚನೆ ಮಾಡಿ ಮಾಡಿ ತಲೆ ಬರಿದಾಗಿದೆ. ಬರುತ್ತೇನೆ. ಹೆಸರು ತೆಗೆಯಿರಿ ಅಂತ ಅರ್ಜಿ ಬರೆದಿಟ್ಟಿದ್ದೇನೆ, 26ರ ಸೋಮವಾರ ಆಫೀಸಿಗೆ ಕೊಡುತ್ತೇನೆ. ಬೇಜಾರಿಲ್ಲ ಅಂದರೆ ಸುಳ್ಳಾದೀತು. ಆರು ತಿಂಗಳಿಗೆ ಈ ಮಂಡಿ ಈಗ ತಾನೇ ಬಗ್ಗುತ್ತಿತ್ತು. ನಿನ್ನ ಮೇಲಿನ ಸಿಟ್ಟು ಇಳಿದಿದೆ, ಅದಕ್ಕೂ ಶಕ್ತಿ ಬೇಕು.

ನೀಲಿ ಟ್ರಂಕಿನಲ್ಲಿರುವ ರಾಣಿ ಸೀರೆ ಬಿಸಿಲಿಗೆ ಹಾಕು, ಮುಗ್ಗಲು ಹಿಡಿದಿರುತ್ತದೆ.

ಅವ್ವ


ಹುಣಸೂರು
21 ಫೆಬ್ರವರಿ 2024

ಅವ್ವ,

ಅರ್ಜಿ ಕೊಡಬೇಡ. ಈ ಕಾಗದ ಸೋಮವಾರದ ಒಳಗೆ ಮುಟ್ಟಲಿ ಅಂತ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಆಫೀಸಿಗೆ ಫೋನ್ ಮಾಡೋಣ ಅಂದರೆ ಅಜ್ಜಿ ಬಿಡಲಿಲ್ಲ. “ಫೋನಲ್ಲಿ ಹೇಳೋ ಮಾತಲ್ಲ, ಬರಿ” ಅಂದಳು. ಎಲ್ಲಾದರೂ ಕೂತುಕೊಂಡು ಓದು.

ಮೊನ್ನೆ ಸೋಮವಾರ ನಾನು ಅಂಗಡಿಗೆ ಹೋದ ಮೇಲೆ ಅಜ್ಜಿ ತಣ್ಣೀರಲ್ಲಿ ತಲೆ ತೋಯಿಸಿಕೊಂಡು, ಏನೂ ತಿನ್ನದೆ, ಒಬ್ಬಳೇ ಬಸ್ಸು ಹತ್ತಿ ರಾವಂದೂರಿಗೆ ಹೋಗಿದ್ದಾಳೆ. ಸಂಜೆ ಮೇಷ್ಟ್ರೇ ನನಗೆ ಫೋನ್ ಮಾಡಿದರು. “ಯಾಕವ್ವ ನೀನು ಹೇಳ್ಲಿಲ್ಲ? ನಿಮ್ಮಪ್ಪ ತೀರೋದ ಸುದ್ದಿ ಬಂತು ಅಂತ ನಿಮ್ಮಜ್ಜಿ ನಮ್ಮ ಜಗಲಿ ಮೇಲೆ ಕೂತ್ಕೊಂಡು ಅತ್ಲಲ್ಲ. ವೀಳ್ಯ ವಾಪಸು ಈಸ್ಕೊಂಡಿವ್ನಿ. ನಿಮ್ಮವ್ವನ್ಗೆ ಧೈರ್ಯ ಹೇಳು” ಅಂದರು.

ಮನೆಗೆ ಓಡಿ ಬಂದೆ. ಅಜ್ಜಿ ಒದ್ದೆ ಕೂದಲು ಬಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. “ವೀಳ್ಯ ಬಿಡಿಸೋಕೆ ಬದುಕಿರೋ ಮಗನ್ನ ಸಾಯಿಸಿ ಬಂದ್ಯಾ?” ಅಂತ ಕೂಗಾಡಿದೆ.

“ನಾನೆಲ್ಲಿ ಸಾಯಿಸ್ದೆ ಮಗಾ. ಶಂಕ್ರ ಸತ್ತು ನಾಕೊರ್ಸ ಆಯ್ತು” ಅಂದಳು.

ಅಪ್ಪ 2020ರಲ್ಲೇ ಹೋದರಂತೆ ಅವ್ವ, ಶಿವರಾತ್ರಿ ಕಳೆದ ಒಂಬತ್ತನೇ ದಿನ. ವಯನಾಡಿನಲ್ಲಿ ಕಾಮಾಲೆಯಾಗಿತ್ತಂತೆ. ಜೊತೆಯಲ್ಲಿ ಶುಂಠಿ ಕೆಲಸ ಮಾಡುತ್ತಿದ್ದ ಎಚ್.ಡಿ. ಕೋಟೆಯ ಒಬ್ಬರು, ಎಲ್ಲ ಸೇರಿ ಅಲ್ಲೇ ಮಣ್ಣು ಮಾಡಿ, ಅಪ್ಪನ ವೋಟರ್ ಕಾರ್ಡು, ಒಂದು ಅಂಗಿ ತಂದುಕೊಟ್ಟು ಹೋದರಂತೆ. ನೀನು ಕೆ.ಆರ್. ನಗರಕ್ಕೆ ನಾಟಕಕ್ಕೆ ಹೋಗಿದ್ದೆ. ನಾನು ಕಾಲೇಜಿಗೆ ಹೋಗಿದ್ದೆ. ಕಾರ್ಡು, ಅಂಗಿ ರಾಗಿ ಡ್ರಮ್ಮಿನ ತಳದಲ್ಲಿದ್ದವು. ತೆಗೆದು ತೋರಿಸಿದಳು.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅಜ್ಜಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಗಂಡ ಅವ್ನೆ ಅಂದ್ರೂ ಬಣ್ಣ ಹಚ್ಚೋ ಕೋಣೆ ಬಾಗ್ಲು ಗಂಡಸ್ರು ತಟ್ತಾರೆ. ಇಲ್ಲ ಅಂದಿದ್ರೆ ಬಾಗ್ಲು ಹಾಕ್ಕೊಳ್ಳಕ್ಕೇ ಬುಡ್ತಿರ್ಲಿಲ್ಲ. ಮುಂಡೆ ಕೈಗೆ ವೀಳ್ಯ ಯಾರು ಕೊಡೋರು? ಮೂರು ಜನ ಉಣ್ಬೇಕಿತ್ತಲ್ಲ. ಅವ್ಳು ಅದೇ ತಾಳೀಲಿ ತಿರುಗ್ಲಿ ಅಂತ ಬಾಯಿ ಕಟ್ಕೊಂಡೆ. ಈಗ ಅವ್ಳು ತಿರುಗೋದು ಬೇಕಿಲ್ಲ ಅಂದ್ಯಲ್ಲ. ಅದ್ಕೇ ಹೇಳ್ಬುಟ್ಟೆ.”

ಮೇಷ್ಟ್ರಿಗೆ ಅವಳು ಹೇಳಿದ್ದರಲ್ಲಿ ಸುಳ್ಳು ಅಂದರೆ, ಸುದ್ದಿ ಈಗ ಬಂತು ಅಂದದ್ದು ಒಂದೇ. ಆಮೇಲೆ ಪ್ರತಿ ವರ್ಷ ಆ ದಿನ ಬಂದರೆ ಅಜ್ಜಿ ಪಾಯಸ ಮಾಡಿ ತಾರಸಿಯ ಮೇಲೆ ಕಾಗೆಗೆ ಇಡುತ್ತಿದ್ದಳು. ತಾತನಿಗೆ ಅನ್ನುತ್ತಿದ್ದಳು. ತಾತನ ತಿಥಿ ಶ್ರಾವಣದಲ್ಲಿ. ನಾನೂ ನೀನೂ ಒಂದು ದಿನ ಕೂಡ ಯೋಚನೆ ಮಾಡಲಿಲ್ಲ.

ರಾಣಿ ಪಾತ್ರಕ್ಕೆ ಮೈಸೂರಿನಿಂದ ಬೇರೆಯವರನ್ನು ಕರೆಸುತ್ತಾರಂತೆ. ನಿನ್ನ ಹೆಸರಿನ ಮೇಲೆ ಅಂಟಿಸಲು ಇನ್ನೂರು ಚೀಟಿ ಇವತ್ತು ನಾನೇ ಪ್ರಿಂಟ್ ತೆಗೆದುಕೊಟ್ಟೆ. ಸುದ್ದಿ ಹುಣಸೂರಿಗೂ ಮುಟ್ಟಿದೆ, ಜನ ಮಾತಾಡಿಸಲು ಬರುತ್ತಿದ್ದಾರೆ. ಇನ್ನು ನಿನಗೆ ಈ ಕಡೆ ಯಾರೂ ವೀಳ್ಯ ಕೊಡುವುದಿಲ್ಲ. ಓದು ಮುಗಿಸಲೇಬೇಕು.

ತಾಳಿ ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು ಅಂತ ಹೇಳಲು ಅಜ್ಜಿ ಹೇಳಿದ್ದಾಳೆ. ಬಂದು ನನ್ನನ್ನೂ ಅವಳನ್ನೂ ಎಷ್ಟು ಬೇಕಾದರೂ ಬೈ.

ಸುಧಾ


ರಂಗಶಾಲೆ
3 ಮಾರ್ಚ್ 2024

ಅತ್ತೆಯವರಿಗೆ,

ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಸುಧಾ ಓದಿ ಹೇಳುತ್ತಾಳೆ. ಸುಧಾ, ಏನನ್ನೂ ಬಿಡದೆ ಓದು.

ಕಾಗದ ಶನಿವಾರವೇ ಕೈಗೆ ಬಂತು. ಅರ್ಜಿ ಹರಿದು ಹಾಕಿದೆ. ಮಾರನೇ ದಿನ ಫೋನ್ ಕೊಟ್ಟರು, ಮಾಡಲಿಲ್ಲ. ಇವತ್ತೂ ಕೊಟ್ಟರು. ಕೈಯಲ್ಲಿ ಹಿಡಿದುಕೊಂಡು ಅರ್ಧ ಗಂಟೆ ಕೂತು ವಾಪಸು ಕೊಟ್ಟೆ.

ನಿಮ್ಮ ಮೇಲೆ ಸಿಟ್ಟಿದೆ ಅತ್ತೆ. ತುಂಬ ಇದೆ. ನಾಟಕದಲ್ಲಿ ಹಾಡುತ್ತಾ ಹಾಡುತ್ತಾ ನಾನು ಯಾವಾಗಲೂ ಜನರ ಹಿಂದಿನ ಸಾಲು ನೋಡುತ್ತಿದ್ದೆ. ಕಂಬಳಿ ಹೊದ್ದುಕೊಂಡು ನಿಂತ ಗಂಡಸು ಕಂಡರೆ ಇವರೇನೋ, ಪೋಸ್ಟರಿನಲ್ಲಿ ನನ್ನ ಹೆಸರು ನೋಡಿ ಬಂದರೇನೋ ಅಂತ. ಸತ್ತವರನ್ನು ನಾಲ್ಕು ಸೀಜನ್ ಹಾಗೆ ಹುಡುಕಿದ್ದೇನೆ. ನನಗೆ ಒಂದು ಮಾತು ಹೇಳಬಹುದಿತ್ತು. ಊರಿಗೆ ಮುಚ್ಚಿಡಲು ನನಗೂ ಬರುತ್ತಿತ್ತು.

ತಾಳಿ ತೆಗೆದು ಟ್ರಂಕಿನಲ್ಲಿಟ್ಟಿದ್ದೇನೆ. ಕುಂಕುಮ ಬಿಡುವುದಿಲ್ಲ, ಅದು ಮದುವೆಗೂ ಮುಂಚಿನದು.

ಯಶೋದಮ್ಮ ಮೇಡಂಗೆ ಹೇಳಿದೆ. ಹೆಗಲ ಮೇಲೆ ಕೈಯಿಟ್ಟರು. 16ರಿಂದ ಮೂರು ದಿನ ರಜೆ ಕೊಟ್ಟಿದ್ದಾರೆ. 17ರ ಭಾನುವಾರ ನಿಮ್ಮ ಮಗನ ದಿನ ಬರುತ್ತದೆ, ಲೆಕ್ಕ ಹಾಕಿದ್ದೇನೆ. ಎಡೆಗೆ ನಾನು ಬಂದು ಅಡಿಗೆ ಮಾಡುತ್ತೇನೆ. ಆಮೇಲೆ ವಾಪಸು ಬಂದು ಓದು ಮುಗಿಸುತ್ತೇನೆ. ಇನ್ನು ಸಾಕಾಯಿತು ಅಂತ ಬರೆಯುವುದಿಲ್ಲ. ನನ್ನ ಸೀಟಿಗೆ ನೀವು ಕೊಟ್ಟದ್ದು ಏನು ಅಂತ ನನಗೆ ಗೊತ್ತಿದೆ. ಹೆತ್ತ ತಾಯಿಯ ಬಾಯಲ್ಲಿ ಆ ಮಾತು ಹೇಳುವುದಕ್ಕೆ ಒಬ್ಬರೇ ಬಸ್ಸು ಹತ್ತಿ ಹೋದಿರಿ.

ಒಂದು ವಿಷಯ ಎಂಟು ದಿನದಿಂದ ತಲೆ ಬಿಟ್ಟು ಹೋಗುತ್ತಿಲ್ಲ. ಆವತ್ತು ಕೆ.ಆರ್. ನಗರದಿಂದ ನಾನು ಬಂದಾಗ ನೀವು ನೀರು ಕಾಯಿಸಿಟ್ಟಿದ್ದಿರಿ. ಬಣ್ಣ ಒರೆಸಲು ಕೊಬ್ಬರಿ ಎಣ್ಣೆ ಕೊಟ್ಟಿರಿ. ನಿಮ್ಮ ಮುಖ ಊದಿಕೊಂಡಿತ್ತು. ಯಾಕತ್ತೆ ಅಂತ ಕೇಳಿದೆ. ಹಲ್ಲುನೋವು ಅಂದಿರಿ. ನಾನು ಒಂದು ಲವಂಗ ತಂದು ನಿಮ್ಮ ಕೈಗೆ ಕೊಟ್ಟು ಹೋಗಿ ಮಲಗಿದೆ. ನೀವು ಅದನ್ನು ಹಲ್ಲಿನ ಕೆಳಗೆ ಇಟ್ಟುಕೊಂಡಿರಿ, ನಾನು ನೋಡಿದೆ.

16ರ ಸಂಜೆ ಮನೆಯಲ್ಲಿರುತ್ತೇನೆ. ಅಲ್ಲಿಯ ತನಕ ನೀವೊಬ್ಬರೇ ಅಳಬೇಡಿ.

ನಿಮ್ಮ ಸೊಸೆ,
ಸುನಂದ